ಎದೆಮಟ್ಟದ ನೀರು

ನವೆಂಬರ್ ೧೨, ಮಂಗಳವಾರ

ಈ ಡೈರಿ ಗೊಬ್ಬರದ ಕಂಪನಿಯವರು ಕೊಟ್ಟದ್ದು. ವರ್ಷ ಮುಗಿಯುತ್ತ ಬಂದರೂ ಖಾಲಿ ಬಿದ್ದಿತ್ತು. ರಂಗಂಪೇಟೆಗೆ ಕೊಟ್ಟ ಮಗಳು ಸುನಿತಾ ಮೊನ್ನೆ ಬಂದವಳು, ಮಂದಿಯ ಮೇಲೆ ಒದರುವ ಬದಲು ಇದರಲ್ಲಿ ಬರಿ ಎಂದು ಕೈಗೆ ತುರುಕಿ ಹೋದಳು. ಅಕ್ಕಿ ಮಿಲ್ಲು ನಡೆಸುವವನು ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಿಸೀತು? ಇವತ್ತು ಮಾತ್ರ ಒದರುವ ಮನಸ್ಸಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಷಾಢದಲ್ಲಿ ನನ್ನ ಹೆಂಡತಿ ಅನ್ನಮ್ಮನಿಗೆ ಲಕ್ವಾ ಹೊಡೆದು ಬಲಗಡೆ ಸ್ವಾಧೀನ ತಪ್ಪಿತು. ಕಲಬುರಗಿಯಲ್ಲಿ ಜೀವ ಉಳಿಸಿದರು. ಮಾತು ಬಂತು, ಕೈ ಬಂತು, ಕಾಲು ಬರಲಿಲ್ಲ. ಇಬ್ಬರು ಹಿಡಿದರೂ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬೆವರಿಳಿದು ಕುಸಿಯುತ್ತಿದ್ದಳು. ಯಾದಗಿರಿಯಲ್ಲಿ ಸುಕನ್ಯಾ ಎಂಬ ಫಿಜಿಯೊಥೆರಪಿ ಡಾಕ್ಟರು ರೋಗಿಗಳನ್ನು ನೀರಿನಲ್ಲಿ ನಿಲ್ಲಿಸಿ ವ್ಯಾಯಾಮ ಮಾಡಿಸುತ್ತಾಳೆಂದು ಕೇಳಿದ್ದೆ. ನಂಬಿಕೆ ಇರಲಿಲ್ಲ. ಆದರೂ ಇವತ್ತು ಶಹಾಪುರದಿಂದ ಕಾರಿನಲ್ಲಿ ಕರೆದುಕೊಂಡು ಹೋದೆ.

ಎದೆಮಟ್ಟದ ಬೆಚ್ಚನೆಯ ನೀರು. ಸುಕನ್ಯಾ ತಾನೂ ಇಳಿದು ಅವಳ ಸೊಂಟ ಹಿಡಿದು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ, ಒದ್ದೆ ಚೀಲದಂತೆ ಬಿದ್ದಿರುತ್ತಿದ್ದ ಆ ಕಾಲು ಮೇಲೆದ್ದಿತು.

"ನೋಡ್ರಿ, ನಂದ ಕಾಲು. ನಾನ ಎತ್ತಾಕತ್ತೀನಿ" ಎಂದು ಅನ್ನಮ್ಮ ನಕ್ಕಳು. ಆಷಾಢದಿಂದೀಚೆಗೆ ಅವಳು ನಕ್ಕದ್ದು ಇದೇ ಮೊದಲು. ನಾನು ಹೊರಗೆ ಹೋಗಿ ಕಾರಿನ ಹಿಂದೆ ನಿಂತು ಅತ್ತೆ.

ಆಮೇಲೆ ಸುಕನ್ಯಾ ಕೂರಿಸಿಕೊಂಡು ಬಹಳ ಹೇಳಿದಳು. ನೀರು ಮೈಯ ಭಾರ ಹೊರುತ್ತದೆ, ಅದಕ್ಕೇ ಕಾಲು ಏಳುತ್ತದೆ. ಅದೇ ನೀರು ಸುತ್ತಲಿಂದ ಒತ್ತಿ ಕಾಲಿನ ರಕ್ತವನ್ನು ಎದೆಯ ಕಡೆಗೆ ನೂಕುತ್ತದೆ. ಹೃದಯಕ್ಕೆ ಕೆಲಸ ಹೆಚ್ಚು, ಮೂತ್ರವೂ ಹೆಚ್ಚು, ಗೊತ್ತಿಲ್ಲದ ಹಾಗೆ ಮೈಯೊಳಗಿನ ನೀರು ಕಡಿಮೆಯಾಗುತ್ತದೆ. ಹೊರಗೆ ಬಂದೊಡನೆ ಆ ಒತ್ತು ತಪ್ಪಿ ಬಿಪಿ ಬಿದ್ದುಬಿಡಬಹುದು. ನೀರು ಬಿಸಿಯಾದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಇಳಿಯುವ ಮುಂಚೆ ಬಿಪಿ ನೋಡಬೇಕು, ತುಸು ತಿಂದಿರಬೇಕು, ನೀರು ಕುಡಿದಿರಬೇಕು. ಇಪ್ಪತ್ತು ನಿಮಿಷ ಸಾಕು, ಹತ್ತುವಾಗ ನಿಧಾನ, ಹತ್ತಿದ ಮೇಲೆ ಕೂತು ಮತ್ತೆ ನೀರು ಕುಡಿಯಬೇಕು. ನಾನು ಹೂಂ ಹೂಂ ಎನ್ನುತ್ತಿದ್ದೆ. ಕಣ್ಣ ಮುಂದೆ ಆ ಕಾಲೊಂದೇ ಇತ್ತು.

ನವೆಂಬರ್ ೨೯, ಶುಕ್ರವಾರ

ನೀರಿನಲ್ಲಿ ಈಗ ಕಂಬಿ ಹಿಡಿದು ನಡೆಯುತ್ತಾಳೆ. ನೆಲದ ಮೇಲೂ ಮೊದಲಿಗಿಂತ ಮೇಲು. ಆದರೆ ಇವತ್ತು ಬಿಪಿ ಏರಿದೆಯೆಂದು ಸುಕನ್ಯಾ ಇಳಿಸಲೇ ಇಲ್ಲ. ಅಷ್ಟು ದೂರ ಹೋಗಿ, ಒಂದು ಗಂಟೆ ಬೆಂಚಿನ ಮೇಲೆ ಕೂತು, ಹಾಗೇ ತಿರುಗಿ ಬಂದೆವು. ದಾರಿಯುದ್ದಕ್ಕೂ ನನ್ನ ತಲೆ ಬಿಸಿ.

ಭೀಮಾ ನದಿಯ ಸೇತುವೆ ದಾಟುವಾಗ ಅನ್ನಮ್ಮ ತಾನಾಗಿ ಹೇಳಿದಳು: "ನನಗ ಮಂದ್ಯಾಗ ಅಡ್ಡಾಡೂದೇನು ಬ್ಯಾಡ್ರಿ. ಮಣಿ ಮ್ಯಾಲ ಕುಂತು ಪೂಜಾ ಮಾಡ್ಕೊಳ್ಳೂವಂಗ ಆದ್ರ ಸಾಕು."

ಕಾಲು ಹೋದಾಗಿನಿಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಲಿಂಗಪೂಜೆ ಮಾಡುತ್ತಾಳೆ. ಅದು ಅವಳಿಗೆ ಮುಳ್ಳಿನ ಮೇಲೆ ಕೂತಂತೆ. ಚಿಕ್ಕವಳಿದ್ದಾಗ ದೀಕ್ಷೆಯಾದಂದಿನಿಂದ, ಪೂಜೆಯಾಗದೆ ಒಂದು ಹನಿ ನೀರು ಬಾಯಿಗೆ ಹಾಕಿದವಳಲ್ಲ. ಮೂರು ಹೆರಿಗೆಯಲ್ಲೂ ಬಿಟ್ಟಿಲ್ಲ. ಕಲಬುರಗಿಯಲ್ಲಿ ಎಚ್ಚರ ಬಂದಾಗಲೂ ಮೊದಲು ತಡಕಾಡಿದ್ದು ಕೊರಳಿನ ಲಿಂಗವನ್ನು. ಶಿವರಾತ್ರಿಗೆ ನಿನ್ನನ್ನು ಮಣೆಯ ಮೇಲೆ ಕೂರಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟೆ.

ಮಿಲ್ಲಿನ ಹಿಂಭಾಗದಲ್ಲಿ ಭತ್ತ ನೆನೆಹಾಕುತ್ತಿದ್ದ ಹಳೆಯ ಸಿಮೆಂಟ್ ತೊಟ್ಟಿ ಹಾಳು ಬಿದ್ದಿದೆ. ಬಾಯ್ಲರಿನ ಬಿಸಿನೀರು ಪಕ್ಕದಲ್ಲೇ ಇದೆ. ನನಗೆ ಯಾದಗಿರಿ ಯಾಕೆ ಬೇಕು?

ಡಿಸೆಂಬರ್ ೬, ಶುಕ್ರವಾರ

ತೊಟ್ಟಿ ಸಿದ್ಧ. ಬಾಯ್ಲರ್ ನೋಡಿಕೊಳ್ಳುವ ನಬಿಸಾಬ ಒಳಗೆಲ್ಲ ಉಜ್ಜಿ ತೊಳೆಸಿದ, ಮೆಟ್ಟಿಲು ಕಟ್ಟಿಸಿದ, ಎರಡೂ ಕಡೆ ಕಂಬಿ ಬೆಸುಗೆ ಹಾಕಿದ. ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವ ಹಣಮಮ್ಮ ಗಟ್ಟಿ ಹೆಂಗಸು. ಅವಳನ್ನು ಎರಡು ಸಲ ಯಾದಗಿರಿಗೆ ಒಯ್ದು ಹಿಡಿಯುವುದು ಹೇಗೆಂದು ಕಲಿಸಿದ್ದಾಯಿತು. ಥರ್ಮಾಮೀಟರು, ಬಿಪಿ ನೋಡುವ ಮಿಷನ್ನು ಎಲ್ಲ ತಂದೆ.

ಸುಕನ್ಯಾ ಬೇಡವೆನ್ನಲಿಲ್ಲ. "ತೊಟ್ಟಿ ಯಾವುದಾದ್ರೇನ್ರಿ ಸಾವ್ಕಾರ್ರ, ನೀರು ನೀರ. ಆದ್ರ ನಾ ಹೇಳಿದ್ದು ಒಂದೂ ಬಿಡಬ್ಯಾಡ್ರಿ. ಹದಿನೈದು ದಿನಕ್ಕೊಮ್ಮಿ ಕರ್ಕೊಂಡು ಬಂದು ತೋರಿಸ್ರಿ" ಎಂದಳು. ತೋರಿಸುತ್ತೇನೆಂದೆ.

ಡಿಸೆಂಬರ್ ೯, ಸೋಮವಾರ

ಇವತ್ತು ಶುರು. ಬೆಳಕಾದರೆ ಅಂಗಳದ ತುಂಬ ಹಮಾಲರು, ಲಾರಿಯವರು. ಅವರೆದುರು ಒದ್ದೆ ಬಟ್ಟೆಯಲ್ಲಿ ಹೆಂಗಸರು ಹತ್ತಿ ಇಳಿಯುವುದು ಚೆನ್ನಲ್ಲ. ಆದ್ದರಿಂದ ನಸುಕಿನಲ್ಲಿ, ಮಿಲ್ಲು ತೆರೆಯುವ ಮುಂಚೆ. ಯಾದಗಿರಿಗೆ ಪೂಜೆ, ಊಟ ಮುಗಿಸಿಕೊಂಡು ಹೋಗುತ್ತಿದ್ದೆವು. ಇಲ್ಲಿ ನೀರು ಮೊದಲು, ಪೂಜೆ ಆಮೇಲೆ.

ಅನ್ನಮ್ಮನಿಗೂ ಇದೇ ಹಿಡಿಸಿತು. "ಇದ ಜಳಕ ಆತಲ್ರಿ. ಮಡಿ ಸೀರಿ ಉಟ್ಟು ಸೀದಾ ಪೂಜಾಕ್ಕ ಕೂಡ್ತೀನಿ" ಎಂದಳು. ಒಂದರಲ್ಲಿ ಇನ್ನೊಂದು ಮುಗಿದುಹೋಯಿತೆಂದು ನನಗೂ ಸಮಾಧಾನ. ನೀರಿನಿಂದ ಆವಿ ಏಳುತ್ತಿತ್ತು. ಹಣಮಮ್ಮನೂ ಅವಳೂ ಅದರೊಳಗೆ ಮೆಲ್ಲಗೆ ಮಾತಾಡಿಕೊಂಡು ನಗುತ್ತಿದ್ದರು. ನಾನು ಟಾರ್ಚು ಹಿಡಿದು ದಂಡೆಯ ಮೇಲೆ ಕೂತಿದ್ದೆ.

ಡಿಸೆಂಬರ್ ೨೬, ಗುರುವಾರ

ಕಾಲು ದಿನದಿನಕ್ಕೆ ಸುಧಾರಿಸುತ್ತಿದೆ. ಮನೆಯಲ್ಲಿ ಗೋಡೆ ಹಿಡಿದು ಅಡುಗೆಮನೆಯವರೆಗೆ ಬಂದಳು. ಇಪ್ಪತ್ತು ನಿಮಿಷದಲ್ಲಿ ಇಷ್ಟು ಗುಣವಾದರೆ ಇನ್ನಷ್ಟು ಹೊತ್ತು ನಿಂತರೆ ಎಷ್ಟಾಗಬೇಡ? ಮೂವತ್ತು ವರ್ಷ ಭತ್ತ ನೆನೆಹಾಕಿದವನು ನಾನು. ಚೆನ್ನಾಗಿ ನೆನೆದ ಭತ್ತದ ಅಕ್ಕಿ ಗಟ್ಟಿ, ಮಿಲ್ಲಿಗೆ ಹಾಕಿದರೆ ನುಚ್ಚಾಗುವುದಿಲ್ಲ. ಅವಸರದಲ್ಲಿ ತೆಗೆದದ್ದೆಲ್ಲ ನುಚ್ಚು. ಇವತ್ತಿನಿಂದ ಮುಕ್ಕಾಲು ಗಂಟೆ ನಿಲ್ಲಿಸುತ್ತಿದ್ದೇನೆ.

ಚಳಿ ಜೋರಾಗಿದೆ. ನೀರನ್ನು ಇನ್ನೂ ಬಿಸಿ ಮಾಡಿಸಿದೆ. ಥರ್ಮಾಮೀಟರು ಹಣಮಮ್ಮನ ಕೈಜಾರಿ ಒಡೆಯಿತು, ಹೋಗಲಿ. ನೀರಿಗೆ ಕೈಯಿಟ್ಟರೆ ಹದ ನನಗೆ ಗೊತ್ತಾಗುತ್ತದೆ.

ನೀರಿನಿಂದ ಬಂದ ಮೇಲೆ ಒಂದಕ್ಕೆ ಮೇಲಿಂದ ಮೇಲೆ ಹೋಗಬೇಕೆನಿಸುತ್ತದಂತೆ. ಪ್ರತಿ ಸಲ ಎಬ್ಬಿಸಿ ಒಯ್ಯಬೇಕು. ಚಳಿಗೆ ಹಾಗಾಗುತ್ತದೆ ಎಂದೆ.

ಜನವರಿ ೮, ಬುಧವಾರ

ಡೈರಿಯ ವರ್ಷ ಮುಗಿಯಿತು. ಮೊದಲಿನ ಖಾಲಿ ಹಾಳೆಗಳಿಗೆ ತಿರುಗಿ ಬಂದು, ಅಚ್ಚಾದ ತಾರೀಖು ಹೊಡೆದು ಬರೆಯುತ್ತಿದ್ದೇನೆ.

ತೊಟ್ಟಿ ನೋಡಲು ಮಂದಿ ಬರತೊಡಗಿದ್ದಾರೆ. ಸುರಪುರದ ಬೀಗರ ಕಡೆಯವರು ಬಂದು, ಮಲ್ಲಣ್ಣ, ನೀವು ಮಿಲ್ಲು ಬಿಟ್ಟು ದವಾಖಾನೆ ತೆರೆಯಬೇಕು ಎಂದು ನನ್ನನ್ನು ಹೊಗಳಿ ಹೋದರು. ಅನ್ನಮ್ಮನನ್ನು ಅವರೆದುರು ನಡೆಸಿ ತೋರಿಸಿದೆ. ಬಾಗಿಲಿನವರೆಗೆ ಹೋಗಿ ತಿರುಗಿ ಬಂದಳು. ಕೂಡುವಾಗ ಕುರ್ಚಿಯ ಕೈ ಸಿಗದೆ ತಡವರಿಸಿದಳು.

ಬೆಳಿಗ್ಗೆ ತೊಟ್ಟಿಯಿಂದ ಹತ್ತುವಾಗ ಕಣ್ಣಿಗೆ ಕತ್ತಲೆ ಬಂತೆಂದು ಹಣಮಮ್ಮನ ಹೆಗಲಿಗೆ ಒರಗಿದ್ದಳು. ಇಷ್ಟು ಮಂದಿ ನೋಡಿ ಹೋದರೆ ದೃಷ್ಟಿ ತಾಗದೆ ಇರುತ್ತದೆಯೇ? ಉಪ್ಪು, ಮೆಣಸಿನಕಾಯಿ ಇಳಿ ತೆಗೆಸಿ ಒಲೆಗೆ ಹಾಕಿಸಿದೆ.

ಬಿಪಿ ಮಿಷನ್ನಿನ ಸೆಲ್ಲು ಹೋಗಿವೆ. ತರಿಸಬೇಕು.

ಸುಕನ್ಯಾ ಫೋನು ಮಾಡಿದ್ದಳು. ಲಾರಿ ತುಂಬಿಸುತ್ತಿದ್ದೆ, ಎತ್ತಲಿಲ್ಲ.

ಜನವರಿ ೧೬, ಗುರುವಾರ

ಸಂಕ್ರಾಂತಿಗೆ ಸುನಿತಾ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತೆಗೆದುಕೊಂಡು ಬಂದಿದ್ದಳು. ನನಗೂ ಅವಳಿಗೂ ಜಗಳ. ತಾಯಿ ಸೊರಗಿದ್ದಾಳೆ, ತುಟಿ ಒಡೆದಿವೆ, ಮಧ್ಯಾಹ್ನವೆಲ್ಲ ಮಲಗಿಯೇ ಇರುತ್ತಾಳೆ, ಕೇಳಿದ್ದಕ್ಕೆ ಹೂಂ ಎನ್ನುವುದೊಂದು ಬಿಟ್ಟರೆ ಬೇರೆ ಮಾತಿಲ್ಲ ಎಂದು ಒಂದೇ ಸಮ ಹೇಳಿದಳು. ಸುಕನ್ಯಾ ತನಗೂ ಫೋನು ಮಾಡಿದ್ದಾಳಂತೆ, ಒಮ್ಮೆಯಾದರೂ ತೋರಿಸಬೇಕಂತೆ.

"ಅವ್ವ ನಿನಗ ಅಂಜಾಕತ್ತಾಳ ಅಪ್ಪಾ. ನಿನಗ ಗೊತ್ತಾಗ್ಯಾದೇನು?" ಎಂದಳು.

ನನಗೆ ಅಂಜುವುದಕ್ಕೆ ನಾನೇನು ಹುಲಿಯೇ? ಅವಳ ಕಾಲಿಗಾಗಿ ನಸುಕಿನಲ್ಲಿ ಎದ್ದು ಚಳಿಯಲ್ಲಿ ಕೂಡುವವನು ನಾನು. ಅನ್ನಮ್ಮನೇ ಮಗಳಿಗೆ, ನಿಮ್ಮಪ್ಪಗ ಏನೂ ಅನಬ್ಯಾಡ, ನನ್ನ ಸಲುವಾಗೇ ಮಾಡಾಕತ್ತಾರ ಎಂದಳು. ಅಲ್ಲಿಗೆ ಸುನಿತಾಳ ಬಾಯಿ ಮುಚ್ಚಿತು. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಲಿಲ್ಲ.

ಫೆಬ್ರುವರಿ ೫, ಬುಧವಾರ

ಶಿವರಾತ್ರಿ ಹತ್ತಿರ ಬಂತು. ಮಂಡಿ ಇನ್ನೂ ಪೂರ್ತಿ ಮಡಚುವುದಿಲ್ಲ. ನೀರಿನೊಳಗೇ ಒತ್ತಿ ಮಡಚಿಸಲು ಹೇಳಿದ್ದೇನೆ. ಬಿಸಿಗೆ ನರ ಸಡಿಲವಾಗುತ್ತವೆ.

ಇವತ್ತು ಹಣಮಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತಳು. "ಸಾವ್ಕಾರ್ರ, ಅಮ್ಮಾರು ಒಂದು ಗುಟುಕು ಚಾನೂ ಕುಡೀದ ನೀರಿಗಿ ಇಳೀತಾರ. ಆ ಬಿಸಿಗಿ ನನಗ ತಲಿ ತಿರಗತದ, ಅವರ ಗತಿ ಏನ್ರಿ? ಹತ್ತೂ ಮುಂದ ಕಣ್ಣು ಮ್ಯಾಲ ಮಾಡ್ತಾರ. ನನಗ ಅಂಜಿಕಿ ಆಗಾಕತ್ತದ" ಎಂದಳು.

ಅಂಜಿಕೆಯಲ್ಲ, ನಸುಕಿನಲ್ಲಿ ಏಳುವ ಬೇಸರ. ಪೂಜೆಗೆ ಮುಂಚೆ ಚಹಾ ಕುಡಿಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ ಎಂದು ಒದರಿ ಕಳಿಸಿದೆ. ನಾಳೆಯಿಂದ ಅವಳು ತೌಡಿನ ಚೀಲ ಹೊಲಿಯಲಿ. ನನ್ನ ಹೆಂಡತಿಯನ್ನು ಹಿಡಿಯಲು ನನಗೆ ಕೈಗಳಿಲ್ಲವೇ?

ಫೆಬ್ರುವರಿ ೧೧, ಮಂಗಳವಾರ

ಈಗ ನಾನೇ ಇಳಿಯುತ್ತೇನೆ. ನಾವಿಬ್ಬರೇ. ಇಷ್ಟು ವರ್ಷದ ಸಂಸಾರದಲ್ಲಿ ಹೀಗೆ ಒಬ್ಬರನ್ನೊಬ್ಬರು ಹಿಡಿದು ನಿಂತದ್ದಿಲ್ಲ. ನೀರಿನಲ್ಲಿ ಅವಳಿಗೆ ತೂಕವೇ ಇಲ್ಲ, ಹೂವು ಹಿಡಿದ ಹಾಗೆ. ನನ್ನ ಕೊರಳು ಬಿಗಿಯಾಗಿ ತಬ್ಬಿಕೊಳ್ಳುತ್ತಾಳೆ. ಅವಳ ಎದೆಯ ಬಡಿತ ನನ್ನ ಅಂಗೈಗೆ ಸಿಗುತ್ತದೆ, ಹೊಸ ಮೋಟರಿನಂತೆ ಓಡುತ್ತಿರುತ್ತದೆ. ಮೈಯಲ್ಲಿ ಜೀವ ತುಂಬಿಕೊಳ್ಳುತ್ತಿದೆ ಎನಿಸಿ ಸಂತೋಷವಾಗುತ್ತದೆ.

ಸಾಕೇನ್ರಿ ಎಂದಳು. ಇನ್ನು ಸ್ವಲ್ಪ ಎಂದೆ. ಮತ್ತೆ ಕೇಳಲಿಲ್ಲ.

ಫೆಬ್ರುವರಿ ೧೯, ಬುಧವಾರ

ಸುಕನ್ಯಾಳ ನಂಬರು ಬ್ಲಾಕ್ ಮಾಡಿಸಿದ್ದೇನೆ. ಕೆಲಸದ ಹೊತ್ತಿನಲ್ಲೇ ಅವಳ ಫೋನು. ರೋಗಿ ಕೈತಪ್ಪಿದ ಸಿಟ್ಟು ಅವಳಿಗೆ.

ಫೆಬ್ರುವರಿ ೨೬, ಬುಧವಾರ, ಶಿವರಾತ್ರಿ

ಕೂತಳು. ಮಣೆಯ ಮೇಲೆ ಕೂತಳು.

ನಾನು ಒಂದು ಕಡೆ, ಸುನಿತಾ ಒಂದು ಕಡೆ ಹಿಡಿದು ಇಳಿಸಿದೆವು. ಬಲಗಾಲು ಪೂರ್ತಿ ಮಡಚಲಿಲ್ಲ, ಸ್ವಲ್ಪ ಹೊರಗೆ ಚಾಚಿತ್ತು. ಆದರೂ ಕೂತಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರು ಇಳಿಯಿತು. ಸುನಿತಾ ನನ್ನ ಕೈ ಹಿಡಿದು ಅತ್ತಳು. ಜಗಳ ಅಲ್ಲಿಗೆ ಮುಗಿಯಿತು. ನೋಡಲು ಬಂದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಅವಳಿಗೆ ಕೈಮುಗಿದರು. ಕೊಟ್ಟ ಮಾತು ಉಳಿಸಿಕೊಂಡೆ. ಬದುಕಿನಲ್ಲಿ ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಇವತ್ತು ಅವಳದು ನೀರೂ ಮುಟ್ಟದ ಉಪವಾಸ. ನಾಳೆ ಬೆಳಗಿನ ಪೂಜೆಯಾದ ಮೇಲೆಯೇ ಬಿಡುವುದು. ಸುನಿತಾ ಒಂದೆರಡು ಖರ್ಜೂರವಾದರೂ ತಿನ್ನೆಂದು ಗಂಟುಬಿದ್ದಳು, ಕೇಳಲಿಲ್ಲ. ಹಿಡಿದ ವ್ರತ ಬಿಡುವ ಪೈಕಿ ಅಲ್ಲ ನನ್ನ ಅನ್ನಮ್ಮ.

ಜಾಗರಣೆಗೆ ಕೂಡುವ ಮುಂಚೆ ನನ್ನನ್ನು ಕರೆದು, "ನಾಳೆ ಒಂದಿನ ನೀರು ಬಿಡೂಣೇನ್ರಿ? ಮೈಯಾಗ ಶಕ್ತಿ ಇಲ್ಲ" ಎಂದಳು.

ಮಡಚಲು ಕಲಿತ ಕಾಲು ಒಂದು ದಿನ ಬಿಟ್ಟರೆ ಮತ್ತೆ ಬಿಗಿಯುತ್ತದೆ, ಇಷ್ಟು ದಿನದ್ದೆಲ್ಲ ನೀರಿಗೆ ಹಾಕಿದಂತಾಗುತ್ತದೆ ಎಂದೆ.

"ಆತ್ರಿ" ಎಂದಳು.

ಮಾರ್ಚ್ ೧, ಶನಿವಾರ

ಕಲಬುರಗಿ, ಆಸ್ಪತ್ರೆ.

ಗುರುವಾರ ನಸುಕಿನಲ್ಲಿ. ಹತ್ತುವಾಗ ಕೊನೆಯ ಮೆಟ್ಟಿಲಿನಲ್ಲಿ. ನನ್ನ ಕೈಯಲ್ಲೇ ಇದ್ದಳು. ನೀರಿನಲ್ಲಿ ತೂಕವೇ ಇರದಿದ್ದವಳು ಮೇಲೆ ಬಂದೊಡನೆ ಮಣಭಾರವಾಗಿ ಕುಸಿದಳು. ಹಿಡಿದೆ. ತಲೆಗೆ ಏಟು ಬೀಳಲಿಲ್ಲ. ಕರೆದರೆ ಕಣ್ಣು ತೆರೆದಳು, ನನ್ನ ಮುಖ ಬಿಟ್ಟು ಬೇರೆಲ್ಲೋ ನೋಡಿದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ನಬಿಸಾಬ ಓಡಿ ಬಂದ. ಇಬ್ಬರೂ ಸೇರಿ ಒದ್ದೆ ಸೀರೆಯಲ್ಲೇ ಕಾರಿಗೆ ಹಾಕಿದೆವು.

ಮೈಯಲ್ಲಿ ನೀರೇ ಇರಲಿಲ್ಲವಂತೆ. ಬಿಪಿ ಬಿದ್ದು ಮೆದುಳಿಗೆ ರಕ್ತ ಸಾಲದೆ ಎರಡನೆಯ ಸಲ ಹೊಡೆದಿದೆ ಎಂದರು ಡಾಕ್ಟರು. ಎದೆಮಟ್ಟದ ನೀರಿನಲ್ಲಿ ನಿಂತವಳ ಮೈಯಲ್ಲಿ ನೀರಿರಲಿಲ್ಲ ಎಂದರೆ ಏನರ್ಥ ಎಂದು ಒದರಿದೆ. ಅವರು ಮುಂದಿನ ಮಂಚಕ್ಕೆ ಹೋದರು.

ಮಾರ್ಚ್ ೩, ಸೋಮವಾರ

ಸುನಿತಾ ತಿಳಿಸಿದಳಂತೆ, ಸುಕನ್ಯಾ ಯಾದಗಿರಿಯಿಂದ ಬಂದಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಒಂದೊಂದೇ ಕೇಳಿದಳು. ನೀರು ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತು ನಿಂತರು, ಬಿಪಿ ಎಷ್ಟಿತ್ತು. ಮುಕ್ಕಾಲು ಗಂಟೆ ಎಂದೆ, ಥರ್ಮಾಮೀಟರು ಒಡೆದದ್ದನ್ನೂ ಬಿಪಿ ಮಿಷನ್ನಿಗೆ ಸೆಲ್ಲು ತರಿಸದೆ ಬಿಟ್ಟದ್ದನ್ನೂ ಹೇಳಿದೆ. ಕೊನೆಗೆ, ಇಳಿಯುವ ಮುಂಚೆ ಎಷ್ಟು ನೀರು ಕುಡಿದಿದ್ದರು ಎಂದಳು.

"ಪೂಜಾ ಆಗಿದ್ದಿಲ್ಲ" ಎಂದೆ.

ಅವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಮೆಲ್ಲಗೆ ಕೇಳಿದಳು: "ದಿನಾ ಹಿಂಗ ಇಳೀತಿದ್ರೇನ್ರಿ? ಬರೇ ಬಾಯಿಲೆ?"

"ದಿನಾ."

ಪೂಜೆಯಾಗದೆ ಅನ್ನಮ್ಮ ನೀರು ಮುಟ್ಟುವುದಿಲ್ಲವೆಂದು ನನ್ನಷ್ಟು ಬಲ್ಲವರು ಯಾರೂ ಇಲ್ಲ. ನೀರು ಕುಡಿಯದೆ ಇಳಿಯಬಾರದೆಂದು ಮೊದಲ ದಿನವೇ ನನ್ನ ಮುಂದೆ ಕೂತು ಹೇಳಿದ್ದಳು ಈ ಹುಡುಗಿ. ನಸುಕಿಗೆ ಬದಲಿಸಿದವನು ನಾನು. ಎಲ್ಲವೂ ನನಗೇ ಗೊತ್ತಿತ್ತು. ಒಂದರ ಪಕ್ಕ ಒಂದನ್ನಿಟ್ಟು ನೋಡಲಿಲ್ಲ. ಹಣಮಮ್ಮ ಇಟ್ಟು ತೋರಿಸಿದಾಗಲೂ ನೋಡಲಿಲ್ಲ.

ಸಂಜೆ ಅನ್ನಮ್ಮ ಕಣ್ಣು ಬಿಟ್ಟಳು. ಈ ಸಲ ನನ್ನನ್ನೇ ನೋಡಿದಳು. ತುಟಿ ಅಲ್ಲಾಡಿದವು. ಕಿವಿ ಹತ್ತಿರ ಒಯ್ದೆ. ಲಿಂಗ ಕೇಳುತ್ತಿದ್ದಾಳೆಂದು ದಿಂಬಿನ ಕೆಳಗಿಂದ ತೆಗೆದು ಅಂಗೈಯಲ್ಲಿಟ್ಟೆ. ಬೆರಳು ಮುಚ್ಚಲಿಲ್ಲ. ಮತ್ತೆ ಅದನ್ನೇ ಅಂದಳು. ಮಾತು ತೊದಲಿತ್ತು, ಆದರೂ ತಿಳಿಯಿತು.

"ನೀರು ಕೊಡ್ರಿ."

ಪೂಜೆ ಆಗಿರಲಿಲ್ಲ. ಬಾಟಲಿ ತೆಗೆದು ಮುಚ್ಚಳ ತಿರುಗಿಸುವಷ್ಟರಲ್ಲಿ ನರ್ಸು ಬಂದು ನನ್ನ ಕೈ ಹಿಡಿದಳು. ಗಂಟಲು ಕೆಲಸ ಮಾಡುತ್ತಿಲ್ಲ, ಹನಿ ನೀರು ಹಾಕಿದರೂ ಶ್ವಾಸಕೋಶಕ್ಕೆ ಹೋಗುತ್ತದೆ, ಬಾಯಿಯಿಂದ ಏನೂ ಕೊಡಕೂಡದು ಎಂದಳು. ಎಷ್ಟು ದಿನ ಎಂದು ಕೇಳಿದೆ. ಡಾಕ್ಟರನ್ನು ಕೇಳಿ ಎಂದು ಹೊರಟುಹೋದಳು.

ಅನ್ನಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಮತ್ತೊಂದು ಸಲ ಕೇಳಿದಳು. ನಾನು ಬಾಟಲಿಯನ್ನು ಮಂಚದ ಕೆಳಗೆ, ಅವಳಿಗೆ ಕಾಣದ ಹಾಗೆ ಇಟ್ಟೆ.